ಬಿ ರಿಪೋರ್ಟ್ ಬಂದ ಮೇಲೆ

ಪೊಲೀಸರು ಒಂದು ಕೇಸಿನಲ್ಲಿ ಚಾರ್ಜ್ ಶೀಟ್ ಹಾಕದೆ ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚಿ ಅಂತ ಕೋರ್ಟಿಗೆ ಕೊಡುವ ವರದಿ, ಹಾಕಿದರೆ, ನಮ್ಮ ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮೊದಲು ಕೇಳಿಬರುವ ಮಾತು "ಕೇಸ ಬಿದ್ದು ಹೋಯ್ತಂತ" ಅನ್ನೋದು. ಯಾರೋ ಠಾಣೆ ಮುಂದೆ ಕೇಳಿರುತ್ತಾರೆ, ಚಹಾದ ಅಂಗಡಿಯಲ್ಲಿ ಹೇಳುತ್ತಾರೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಫಿರ್ಯಾದಿ ಕೊಟ್ಟವರೂ ಅದನ್ನೇ ನಂಬುತ್ತಾರೆ. ನಂಬಿ ಮನೆಯಲ್ಲಿ ಕೂತುಬಿಡುತ್ತಾರೆ. ಕೋರ್ಟು ಇನ್ನೂ ಆ ಕಾಗದ ಓದಿಯೇ ಇರುವುದಿಲ್ಲ.

ನನ್ನ ಕಾಕಾ ಹಾಗೇ ಕೂತಿದ್ದ.

ಕಾಕಾನದು ಭೀಮಾ ದಂಡೆಯ ಊರು. ಹೊಲದ ತುಂಬ ತೊಗರಿ, 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ಅದೇ ಕಲಬುರಗಿ ತೊಗರಿ. 2023ರ ಜನವರಿಯಲ್ಲಿ ಕೊಯ್ದು, ರಾಶಿ ಮಾಡೋಕೆ ಅಂತ ಹೊಲದಲ್ಲೇ ಬಣವಿ ಒಟ್ಟಿದ್ದ. ಒಂದು ರಾತ್ರಿ ಬಣವಿಗೆ ಬೆಂಕಿ ಬಿತ್ತು. ಒಣಗಿದ ತೊಗರಿ ಹೇಗೆ ಉರಿಯುತ್ತದೆ ಅಂತ ನೋಡಿದವರಿಗೇ ಗೊತ್ತು. ಊರಿನಿಂದ ಜನ ಓಡಿ ಬಂದು ಮೋಟಾರ್ ಚಾಲೂ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೀಜ, ಗೊಬ್ಬರ, ಎಣ್ಣೆ ಹೊಡೆದ ಖರ್ಚು, ಕೂಲಿ, ಅದಕ್ಕೆಲ್ಲ ಮಾಡಿದ ಸಾಲ. ಸಾಲ ಮಾತ್ರ ಸುಡಲಿಲ್ಲ.

ಅದಕ್ಕೂ ಮೊದಲು ಪಕ್ಕದ ಹೊಲದ ಅಣ್ಣ ತಮ್ಮಂದಿರ ಜೊತೆ ಬಂಡಿ ದಾರಿಗಾಗಿ ಜಗಳ ಆಗಿತ್ತು. "ನಿನ್ನ ರಾಶಿ ಹ್ಯಾಂಗ ಮನಿಗಿ ಹೋಗ್ತದ ನೋಡ್ತೀನಿ" ಅಂತ ಅಣ್ಣ ನಾಲ್ಕು ಮಂದಿ ಮುಂದೆ ಅಂದಿದ್ದ. ಕಾಕಾ ಠಾಣೆಗೆ ಹೋಗಿ ಇಬ್ಬರ ಹೆಸರೂ ಬರೆಸಿದ. ಎಫ್‌ಐಆರ್ ಆಯಿತು, ಆಗಿನ ದಂಡ ಸಂಹಿತೆಯಾದ ಐಪಿಸಿಯ 435ನೇ ಕಲಂ. ಬೆಂಕಿ ಇಟ್ಟು ನಷ್ಟ ಮಾಡುವುದು. ಈ ಕಲಂನಲ್ಲಿ ಒಂದು ವಿಷಯ ನನ್ನ ಮನಸ್ಸಿಗೆ ತಾಗಿತು. ಬೇರೆ ಆಸ್ತಿಯಾದರೆ 100 ರೂಪಾಯಿ ನಷ್ಟ ಆಗಿರಬೇಕಿತ್ತು. ರೈತನ ಬೆಳೆಯಾದರೆ 10 ರೂಪಾಯಿ ಆದರೂ ಸಾಕಿತ್ತು, 7 ವರ್ಷದವರೆಗೆ ಜೈಲು. 1882ರಲ್ಲಿ ಬೆಳೆಯ ಮಾತನ್ನು ಇದಕ್ಕೆ ಸೇರಿಸಿದವರಿಗೂ ಬೆಳೆಗೆ ಬೆಂಕಿ ಇಡುವುದು ಎಂಥ ಕೆಲಸ ಅಂತ ಗೊತ್ತಿತ್ತು.

ಪಂಚನಾಮೆ ಆಯಿತು. ಫೋಟೋ ತೆಗೆದುಕೊಂಡು ಹೋದರು. ಆಮೇಲೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. ಒಂದು ದಿನ ಪೊಲೀಸ್ ಒಬ್ಬರು ಬಂದು ಕಾಗದ ಕೊಟ್ಟು, "ಇಲ್ಲಿ ಸಹಿ ಮಾಡ್ರಿ" ಅಂದರು. ಕಾಕಾ ಸಹಿ ಮಾಡಿದ. ಕಾಗದ ಮಡಚಿ ಮಾಡಿನಲ್ಲಿ ಇಟ್ಟ. ಅದರಲ್ಲಿ ಏನಿದೆ ಅಂತ ಊರಿಗೆ ಗೊತ್ತಾಗಿದ್ದು ಆ ಕಡೆಯವರಿಂದ. ಅವರು ಪೇಢೆ ಹಂಚಿದ್ದರು.

ಮುಂದಿನ ದಿನಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾನೂನಿನ ಪುಸ್ತಕದಲ್ಲಿ ಇದು ಎಲ್ಲೂ ಇರುವುದಿಲ್ಲ. ಬೆಳೆ ಸುಟ್ಟಾಗ ಕಾಕಾನ ಮನೆಗೆ ಊರೇ ಬಂದಿತ್ತು. ಬಿ ರಿಪೋರ್ಟ್ ಸುದ್ದಿ ಬಂದ ಮೇಲೆ ಅದೇ ಜನ ದಾರಿಯಲ್ಲಿ ಸಿಕ್ಕರೆ ಮಾತು ಬೇರೆ ಮಾಡಿದರು. "ಸುಳ್ಳ ಕೇಸ ಅಂತ ಪೊಲೀಸ್ರೇ ಬರದಾರಂತ" ಅಂತ ಒಬ್ಬರು ಕಾಕಿಯ ಮುಂದೆಯೇ ಅಂದರಂತೆ. ಕಾಕಿ ಬಾವಿ ಕಡೆ ಹೋಗೋದನ್ನೇ ಬಿಟ್ಟಳು. ಕಾಕಾ ನನಗೆ ಫೋನ್ ಮಾಡಿ ಹೇಳಿದ ಮಾತು ಇದು: "ಮಾಲು ಹೋಗಿದ್ದು ಹೋಯ್ತವ್ವ. ಈಗ ಸುಳ್ಳಗಾರನೂ ಆದೆ." ಬೆಂಕಿ ಬಿದ್ದ ರಾತ್ರಿ ಕೂಡ ಅವನ ದನಿ ಹಾಗೆ ಇರಲಿಲ್ಲ.

ನ್ಯಾಯ ಸಿಗಲಿಲ್ಲ ಅನ್ನೋದು ಒಂದು ನೋವು. ನಿನ್ನ ಮಾತನ್ನೇ ನಂಬಲಿಲ್ಲ ಅನ್ನೋದು ಅದಕ್ಕಿಂತ ದೊಡ್ಡದು. ಆದರೆ ಕಾಕಾನನ್ನು ನಂಬಬೇಕೋ ಬೇಡವೋ ಅಂತ ಯಾವ ನ್ಯಾಯಾಧೀಶರೂ ಇನ್ನೂ ಹೇಳಿರಲೇ ಇಲ್ಲ.

ಕರ್ನಾಟಕದ ಪೊಲೀಸ್ ಪದ್ಧತಿ ಹೀಗಿದೆ. ತನಿಖೆ ಮುಗಿದ ಮೇಲೆ ಆರೋಪಕ್ಕೆ ಸಾಕ್ಷಿ ಇದ್ದರೆ ಚಾರ್ಜ್ ಶೀಟ್. ಅಪರಾಧ ಆಗಿದೆ, ಮಾಡಿದವರು ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ಉಳಿದದ್ದೆಲ್ಲ ಬಿ ರಿಪೋರ್ಟಿನಲ್ಲಿ ಬರುತ್ತದೆ. ಫಿರ್ಯಾದಿಯೇ ಸುಳ್ಳು ಅನ್ನೋದೂ ಅದರಲ್ಲೇ, ತಪ್ಪು ತಿಳುವಳಿಕೆಯಿಂದ ಕೊಟ್ಟಿದ್ದು ಅನ್ನೋದೂ ಅದರಲ್ಲೇ, ಇದು ಸಿವಿಲ್ ವ್ಯಾಜ್ಯ ಅನ್ನೋದೂ ಅದರಲ್ಲೇ, ಸಾಕ್ಷಿ ಸಾಲದು ಅನ್ನೋದೂ ಅದರಲ್ಲೇ. ಇವುಗಳ ನಡುವೆ ಎಷ್ಟು ಅಂತರ ಇದೆ ನೋಡಿ! ಊರಿನವರಿಗೆ ಮಾತ್ರ ಎಲ್ಲವೂ "ಸುಳ್ಳು ಕೇಸು".

ಟಿವಿಯಲ್ಲಿ ದೊಡ್ಡವರ ಕೇಸುಗಳಲ್ಲಿ ಬಿ ರಿಪೋರ್ಟ್ ಬಂದಾಗ ವಾರಗಟ್ಟಲೆ ಚರ್ಚೆ ನಡೆಯುತ್ತದೆ, ತಕರಾರು ಅರ್ಜಿ ಬೀಳುತ್ತದೆ, ಹಿರಿಯ ವಕೀಲರು ವಾದ ಮಾಡುತ್ತಾರೆ. ಆಗ ಯಾರೂ ಕೇಸು ಮುಗಿಯಿತು ಅನ್ನುವುದಿಲ್ಲ. ಅದೇ ಕಾನೂನು ತೊಗರಿ ಬೆಳೆಯುವವನಿಗೂ ಇದೆ.

ನಮ್ಮಲ್ಲಿ ಚಾರ್ಜ್ ಶೀಟ್ ಹಾಕುವುದೋ ಬೇಡವೋ ಅಂತ ನಿರ್ಧಾರ ಮಾಡುವವರು ಸರ್ಕಾರಿ ವಕೀಲರಲ್ಲ, ತನಿಖಾಧಿಕಾರಿ. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದರೆ ತನಿಖಾಧಿಕಾರಿಯದು ಅಭಿಪ್ರಾಯ ಮಾತ್ರ. ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಅವರು ಒಪ್ಪಿಕೊಂಡರೆ ಕೇಸು ಮುಚ್ಚುತ್ತದೆ. ಒಪ್ಪದಿದ್ದರೆ ಇನ್ನೂ ತನಿಖೆ ಮಾಡಿ ಅಂತ ವಾಪಸ್ ಕಳಿಸಬಹುದು. ಅಥವಾ ಪೊಲೀಸರು ಏನೇ ಹೇಳಿರಲಿ, ಕಡತದಲ್ಲಿರುವ ಸಾಕ್ಷಿ ನೋಡಿ ತಾವೇ ಕೇಸು ಕೈಗೆತ್ತಿಕೊಳ್ಳಬಹುದು. "ಚಾರ್ಜ್ ಶೀಟ್ ಹಾಕಿ" ಅಂತ ಪೊಲೀಸರಿಗೆ ಆಜ್ಞೆ ಮಾಡಲು ಮಾತ್ರ ಬರುವುದಿಲ್ಲ. 1967ರ ಅಭಿನಂದನ್ ಝಾ ತೀರ್ಪು ಹಾಗೆ ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು 1985ರ ಭಗವಂತ್ ಸಿಂಗ್ ತೀರ್ಪು. ಪೊಲೀಸರು ಕೇಸು ಮುಚ್ಚಲು ಕೇಳಿದಾಗ, ಫಿರ್ಯಾದಿ ಕೊಟ್ಟವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳದೆ ಮ್ಯಾಜಿಸ್ಟ್ರೇಟ್ ಅದನ್ನು ಒಪ್ಪಿಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಾಕಾ ಮಾಡಿನಲ್ಲಿ ಮಡಚಿ ಇಟ್ಟಿದ್ದ ಕಾಗದ ಅದೇ ನೋಟಿಸು. ಅದರಲ್ಲಿ ಕೋರ್ಟಿಗೆ ಬರುವ ತಾರೀಖು ಇತ್ತು. ನಿಮ್ಮ ತಕರಾರು ಇದ್ದರೆ ಹೇಳಿ ಅಂತಲೂ ಇತ್ತು. ಆದರೆ ಅದು ಎಂಥ ಕನ್ನಡ ಅಂತೀರಿ! ಒಂದೇ ವಾಕ್ಯ ಅರ್ಧ ಪುಟ. ಡಿಗ್ರಿ ಓದಿದ ನಾನು ಎರಡು ಸಲ ಓದಬೇಕಾಯಿತು. ಏಳನೇ ಕ್ಲಾಸ್ ಓದಿದ ಕಾಕಾನಿಗೆ ಅದು ಕೇಸು ಮುಗಿದ ರಸೀದಿಯ ಹಾಗೆ ಕಂಡರೆ ತಪ್ಪು ಅವನದಲ್ಲ.

ನೋಟಿಸ್ ಮುಟ್ಟಿಯೂ ಹೋಗದಿದ್ದರೆ, ಫಿರ್ಯಾದಿದಾರರ ತಕರಾರಿಲ್ಲ ಅಂತ ಕೋರ್ಟು ಬಿ ರಿಪೋರ್ಟ್ ಒಪ್ಪಿಕೊಳ್ಳಬಹುದು. ಎಷ್ಟು ಕೇಸುಗಳು ಹೀಗೆ ಸುಮ್ನೆ ಮುಚ್ಚಿ ಹೋಗಿರಬಹುದು ಅಂತ ಯೋಚನೆ ಮಾಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನೋಟಿಸಿನ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಅಚ್ಚು ಹಾಕಿದರೆ ಏನು ಕಷ್ಟ? ಪೊಲೀಸರು ನಿಮ್ಮ ಕೇಸು ಮುಚ್ಚಲು ಕೇಳಿದ್ದಾರೆ. ಕೋರ್ಟು ಇನ್ನೂ ತೀರ್ಮಾನ ಮಾಡಿಲ್ಲ. ಈ ತಾರೀಖಿಗೆ ಬಂದು ನಿಮ್ಮ ಮಾತು ಹೇಳಬಹುದು. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ 15100ಗೆ ಫೋನ್ ಮಾಡಿ.

ಆ ನಂಬರ್ ಕಾನೂನು ಸೇವಾ ಪ್ರಾಧಿಕಾರದ್ದು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡಬೇಕು. ಆದಾಯ ಕಡಿಮೆ ಇರುವ ಬೇರೆಯವರಿಗೂ ಕೊಡಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇದರ ಸಮಿತಿ ಇರುತ್ತದೆ. ನಮ್ಮ ಕಡೆ ಜನ ಅದರ ಮುಂದೆಯೇ ನಡೆದು ಹೋಗಿ, ಹೊರಗಡೆ ಸಾಲ ಮಾಡಿ ವಕೀಲರಿಗೆ ಕೊಡುತ್ತಾರೆ.

ಕಾಕಾನ ತಾರೀಖು ಇನ್ನೂ ದಾಟಿರಲಿಲ್ಲ. ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆವು. "ವಕೀಲ ಸಾಹೇಬ್ರ, ಕೇಸ ಬಿದ್ದದ ಅಂತಾರಲ್ರಿ" ಅಂದ ಕಾಕಾ. ಅವರು, "ಯಾರ ಬೀಳಿಸ್ಯಾರ ಕಾಕಾ? ಮೊದಲ ಕಾಗದ ನೋಡೋಣ ತಡೀರಿ" ಅಂದರು. ವಕಾಲತ್ತು ಹಾಕಿ ಸಮಯ ಕೇಳಿದರು. ಬಿ ರಿಪೋರ್ಟಿನ ಜೊತೆ ಪೊಲೀಸರು ಕೊಟ್ಟಿದ್ದ ಎಲ್ಲ ಕಾಗದಗಳ ನಕಲಿಗೆ ಅರ್ಜಿ ಹಾಕಿದರು. ಕೇಳುವುದಾದರೆ ಇದನ್ನೇ ಮೊದಲು ಕೇಳಬೇಕು. ಪೊಲೀಸರು ಯಾರನ್ನು ವಿಚಾರಿಸಿದರು, ಅವರು ಏನು ಹೇಳಿದರು, ಯಾರನ್ನು ವಿಚಾರಿಸಲೇ ಇಲ್ಲ, ಎಲ್ಲ ಅದರಲ್ಲಿ ತಿಳಿಯುತ್ತದೆ.

ನಕಲು ಕೈಗೆ ಬಂದಾಗ ಮೊದಲು ಗೊತ್ತಾಗಿದ್ದು, ಫಿರ್ಯಾದಿ ಸುಳ್ಳು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿ ಇಲ್ಲ, ಬೆಂಕಿ ಹೇಗೆ ಬಿತ್ತು ಅಂತ ಖಚಿತ ಆಗಿಲ್ಲ, ಎರಡೂ ಕಡೆಯವರಿಗೆ ದಾರಿಯ ವ್ಯಾಜ್ಯ ಇದೆ, ಅಷ್ಟೇ. ಕಾಕಾ ಆ ಸಾಲನ್ನು ನನ್ನಿಂದ ಮತ್ತೆ ಓದಿಸಿದ. "ಸುಳ್ಳ ಅಂತ ಇಲ್ಲಲ್ಲ?" ಅಂತ ಕೇಳಿದ. ಇಲ್ಲ ಕಾಕಾ ಅಂದೆ. ಅಂದೇ ಸಂಜೆ ಕಾಕಿಗೆ ಫೋನ್ ಹಚ್ಚಿಸಿ ಅದೇ ಸಾಲು ಹೇಳಿಸಿದ.

ಇನ್ನೊಂದು ಭಯವೂ ಅವನಿಗಿತ್ತು. ಆ ಕಡೆಯವರು "ಈಗ ನಿನ್ನ ಮ್ಯಾಲೇ ಕೇಸ ಹಾಕಿಸ್ತೀವಿ" ಅಂತ ಹೆದರಿಸಿದ್ದರು. ಈ ಬೆದರಿಕೆ ಬಹಳ ಕಡೆ ಕೆಲಸ ಮಾಡುತ್ತದೆ, ತಕರಾರು ಹಾಕಲು ಬಂದವರೂ ವಾಪಸ್ ಹೋಗುತ್ತಾರೆ. ಸುಳ್ಳು ಮಾಹಿತಿ ಕೊಡುವುದು ಅಪರಾಧ ಹೌದು. ಐಪಿಸಿಯಲ್ಲಿ 182, 211, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 217, 248. ಆದರೆ ಅದು ಸುಳ್ಳು ಅಂತ ಗೊತ್ತಿದ್ದೇ ಕೊಟ್ಟಿರಬೇಕು. 182ರ ಕೇಸು ನಡೆಯಬೇಕಾದರೆ ಆ ಸರ್ಕಾರಿ ಅಧಿಕಾರಿಯೋ ಅವರ ಮೇಲಧಿಕಾರಿಯೋ ಕೋರ್ಟಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ಎದುರಾಳಿ ಹೋಗಿ ಹಾಕಲು ಬರುವುದಿಲ್ಲ. ಸಾಕ್ಷಿ ಸಾಲದು ಅಂದ ಮಾತ್ರಕ್ಕೆ ಫಿರ್ಯಾದಿದಾರ ಅಪರಾಧಿ ಆಗುವುದಿಲ್ಲ.

ಕಡತದಲ್ಲಿ ಕಂಡ ಎರಡನೇ ವಿಷಯವೇ ಕೇಸಿನ ದಾರಿ ತಿರುಗಿಸಿತು. ಆ ರಾತ್ರಿ ಹತ್ತಿರದ ಹೊಲದಲ್ಲಿ ಕುರಿ ಹಟ್ಟಿ ಹಾಕಿದ್ದ ಕುರಿಗಾರನೊಬ್ಬ ಇದ್ದ. ಬೈಕ್ ಬಂದಿದ್ದು, ಅಣ್ಣ ಇಳಿದಿದ್ದು ನೋಡಿದೆ ಅಂತ ಮರುದಿನವೇ ಹೇಳಿದ್ದ. ಪಂಚನಾಮೆಯ ಹೊತ್ತಿಗೂ ಅಲ್ಲೇ ನಿಂತಿದ್ದ. ಅವನ ಹೇಳಿಕೆ ಕಡತದಲ್ಲಿ ಇರಲಿಲ್ಲ. ಯಾಕೆ ಅಂತ ನಾನು ಊಹೆ ಮಾಡಲು ಹೋಗುವುದಿಲ್ಲ. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ, ಹೇಳಿಕೆ ತೆಗೆದುಕೊಳ್ಳಲು ಹೋದಾಗ ಸಿಗದೆ ಇದ್ದಿರಲೂಬಹುದು.

ತಕರಾರು ಅರ್ಜಿ ಅಂದರೆ "ನಮಗೆ ಅನ್ಯಾಯ ಆಗಿದೆ, ಬಿ ರಿಪೋರ್ಟ್ ಒಪ್ಪಬೇಡಿ" ಅಂತ ಎರಡು ಸಾಲು ಬರೆದರೆ ನಡೆಯುವುದಿಲ್ಲ. ಅದನ್ನು ಖಾಸಗಿ ಫಿರ್ಯಾದಿ, ಅಂದರೆ ನೇರ ಕೋರ್ಟಿಗೇ ಕೊಟ್ಟ ಫಿರ್ಯಾದಿ ಅಂತ ಕೋರ್ಟು ತೆಗೆದುಕೊಳ್ಳಬೇಕಾದರೆ ಅದರಲ್ಲಿ ಫಿರ್ಯಾದಿಗೆ ಬೇಕಾದ ಎಲ್ಲವೂ ಇರಬೇಕು ಅಂತ 2019ರ ವಿಷ್ಣು ಕುಮಾರ್ ತಿವಾರಿ ತೀರ್ಪು ಹೇಳುತ್ತದೆ. ಏನಾಯಿತು, ಯಾವಾಗ, ಯಾರು ಮಾಡಿದರು, ಸಾಕ್ಷಿಗಳು ಯಾರು, ತನಿಖೆಯಲ್ಲಿ ಏನು ಬಿಟ್ಟುಹೋಗಿದೆ. ನಮ್ಮ ಹೈಕೋರ್ಟ್ 2018ರ ಒಂದು ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟರು ನಡೆಯಬೇಕಾದ ಕ್ರಮವನ್ನೂ ಹೇಳಿದೆ. ಮೊದಲು ಬಿ ರಿಪೋರ್ಟ್ ಯಾಕೆ ಒಪ್ಪುವುದಿಲ್ಲ ಅಂತ ಮನಸ್ಸಿಟ್ಟು ನೋಡಿ ಆದೇಶ ಮಾಡಬೇಕು, ಆಮೇಲೆ ಫಿರ್ಯಾದಿದಾರರ ಪ್ರಮಾಣದ ಹೇಳಿಕೆ ತೆಗೆದುಕೊಳ್ಳಬೇಕು. ಈ ಕ್ರಮ ತಪ್ಪಿದರೆ ಮುಂದೆ ಎದುರಿನವರು ಅದನ್ನೇ ಹಿಡಿದು ಕೇಸು ಕೆಡವುತ್ತಾರೆ. ವಕೀಲರು ನಮಗೆ ಇದನ್ನು ಒತ್ತಿ ಹೇಳಿದರು.

ಕಾಕಾನ ಕೇಸು ಹಳೆಯ ಕಾನೂನಿನ ಕಾಲದ್ದು. 2024ರ ಜುಲೈ 1ರಿಂದ ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನು ಬಿಎನ್‌ಎಸ್‌ಎಸ್ ಬಂದಿದೆ. ಅದರಲ್ಲಿ ಫಿರ್ಯಾದಿದಾರರಿಗೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ತಿಳಿಸಬೇಕು, 193ನೇ ಕಲಂ. ಇದು ಒಳ್ಳೆಯ ಬದಲಾವಣೆ, ಜನ ಕೇಳಿ ಪಡೆಯಬೇಕು. ಜೊತೆಗೆ 223ನೇ ಕಲಂನಲ್ಲಿ ಇನ್ನೊಂದು ಬದಲಾವಣೆ ಇದೆ. ಖಾಸಗಿ ಫಿರ್ಯಾದಿಯಲ್ಲಿ ಕೋರ್ಟು ಕೇಸು ಕೈಗೆತ್ತಿಕೊಳ್ಳುವ ಮೊದಲೇ ಆರೋಪಿಗೂ ಮಾತಾಡಲು ಅವಕಾಶ ಕೊಡಬೇಕು. ದಲಿತರ ಮೇಲಿನ ದೌರ್ಜನ್ಯದ ಕೇಸುಗಳಲ್ಲಿ ನೊಂದವರ ಹಕ್ಕು ಇನ್ನೂ ಗಟ್ಟಿ. ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ಮಾಡಿ ಸೇರಿಸಿದ 15ಎ ಕಲಂ, 2016ರ ಜನವರಿ 26ರಿಂದ, ಕೋರ್ಟಿನ ನಡವಳಿಕೆಯ ಸುದ್ದಿ ಅವರಿಗೆ ಮುಟ್ಟಿಸಬೇಕು, ಅವರ ಮಾತು ಕೇಳಬೇಕು ಅನ್ನುತ್ತದೆ. ಸಿ ರಿಪೋರ್ಟ್ ಆದವರಿಗೂ ಒಂದು ಬಾಗಿಲು ಇದೆ. ಅಪರಾಧಿ ಸಿಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.

ಮ್ಯಾಜಿಸ್ಟ್ರೇಟ್ ಬಿ ರಿಪೋರ್ಟ್ ಒಪ್ಪಿಕೊಂಡುಬಿಟ್ಟರೆ? ಆಗಲೂ 90 ದಿನದೊಳಗೆ ಸೆಷನ್ಸ್ ಕೋರ್ಟಿಗೆ ರಿವಿಷನ್, ಅಂದರೆ ಆ ಆದೇಶ ಮತ್ತೆ ಪರಿಶೀಲಿಸಿ ಅನ್ನೋ ಅರ್ಜಿ, ಹಾಕಬಹುದು. ಅದರ ಮೇಲೆ ಹೈಕೋರ್ಟ್ ಇದೆ. ಮೊದಲು ಹೈಕೋರ್ಟ್ ಅಂದರೆ ಬೆಂಗಳೂರು. ಒಂದು ರಾತ್ರಿಯ ರೈಲು, ಲಾಡ್ಜಿನ ಖರ್ಚು, ಗೊತ್ತಿಲ್ಲದ ಊರು. 2008ರ ಜುಲೈನಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿ, ರಾಯಚೂರು, ವಿಜಯಪುರದವರೂ ಇಲ್ಲಿಗೇ ಬರುತ್ತಾರೆ. ಪೀಠ ಬೇಕು ಅಂತ ವರ್ಷಗಟ್ಟಲೆ ಹೋರಾಡಿದ ನಮ್ಮ ಭಾಗದ ವಕೀಲರನ್ನು ನೆನೆಯಬೇಕು.

ಬೇರೆ ದೇಶಗಳಲ್ಲಿ ಹೇಗೆ ಅಂತಲೂ ಓದಿದೆ. ಅಮೆರಿಕದಲ್ಲಿ ಸರ್ಕಾರಿ ವಕೀಲರು ಕೇಸು ಹಾಕುವುದಿಲ್ಲ ಅಂದರೆ ನೊಂದವರಿಗೆ ಹೆಚ್ಚುಕಡಿಮೆ ದಾರಿಯೇ ಇಲ್ಲ. ಇನ್ನೊಬ್ಬರ ಮೇಲೆ ಕ್ರಿಮಿನಲ್ ಕೇಸು ನಡೆಸಿ ಅಂತ ಕೇಳುವ ಹಕ್ಕು ಸಾಮಾನ್ಯ ನಾಗರಿಕನಿಗೆ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿತು. ಇಂಗ್ಲೆಂಡಿನಲ್ಲಿ 2013ರಿಂದ ನೊಂದವರು ಆ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಿ ಅಂತ ಕೇಳಬಹುದು, ಆದರೆ ಪರಿಶೀಲಿಸುವುದು ಅದೇ ಇಲಾಖೆ. ನಮ್ಮಲ್ಲಿ ನ್ಯಾಯಾಧೀಶರೇ ನೋಡಬೇಕು, ಫಿರ್ಯಾದಿದಾರರ ಮಾತು ಕೇಳಿಯೇ ನೋಡಬೇಕು. ಇಷ್ಟು ಒಳ್ಳೆಯ ವ್ಯವಸ್ಥೆ ಕಾಗದದ ಮೇಲೆ ಇದ್ದೂ ಅದು ಭೀಮಾ ದಂಡೆಯ ಊರಿಗೆ ಮುಟ್ಟುವುದಿಲ್ಲ ಅನ್ನೋದೇ ನನ್ನ ಸಂಕಟ.

ಈಗ ತಮ್ಮನ ವಿಷಯ. ಅವನೂ ಎಫ್‌ಐಆರ್‌ನಲ್ಲಿ ಇದ್ದ ಅಂದೆನಲ್ಲ. ಆ ವಾರ ಅವನು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ. ಹಾಜರಿಯ ದಾಖಲೆ ಪೊಲೀಸರ ಕಡತದಲ್ಲಿತ್ತು. ಅಂದರೆ ಅವನ ಮಟ್ಟಿಗೆ ಬಿ ರಿಪೋರ್ಟ್ ಸರಿಯಾಗಿಯೇ ಇತ್ತು. ಬಿ ರಿಪೋರ್ಟ್ ಅಂದರೆ ಲಂಚ ತಿಂದು ಬರೆದದ್ದು ಅಂತ ನಮ್ಮ ಜನ ಕಣ್ಣುಮುಚ್ಚಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಸಿಟ್ಟಿನಲ್ಲಿ ಇಡೀ ಮನೆಯವರ ಹೆಸರು ಬರೆಸುವುದು ನಮ್ಮಲ್ಲಿ ಇದೆ. ಅಂಥ ಕೇಸಿನಲ್ಲಿ ನಿರಪರಾಧಿಯನ್ನು ಬಿಡುವುದು ಪೊಲೀಸರ ಕರ್ತವ್ಯ. ಆ ಹುಡುಗನಿಗೆ ಸರ್ಕಾರಿ ಕೆಲಸದ ಪಟ್ಟಿಯಲ್ಲಿ ಹೆಸರು ಬಂದಿತ್ತು. ಪೊಲೀಸ್ ಪರಿಶೀಲನೆಯಲ್ಲಿ ಕೇಸು ಬಾಕಿ ಅಂತ ಬಂತು. ಬಿ ರಿಪೋರ್ಟ್ ಹಾಕಿ ಆಗಿದೆಯಲ್ಲ ಅಂದರೆ, ಕೋರ್ಟು ಒಪ್ಪಿದ ಆದೇಶ ತನ್ನಿ ಅಂದರಂತೆ. ಪೇಢೆ ಹಂಚಿದ ಮನೆಯಲ್ಲೂ ಕೇಸು ಮುಗಿದಿರಲಿಲ್ಲ. ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಆ ಕಡತ ತಡ ಆದಷ್ಟೂ ಎರಡೂ ಮನೆಗೆ ಕಷ್ಟ.

ಪ್ರಮಾಣದ ಹೇಳಿಕೆಯ ದಿನ ನಾನೂ ಹೋಗಿದ್ದೆ. ತಮ್ಮನ ಬಗ್ಗೆ ಏನು ಗೊತ್ತು ಅಂತ ಮ್ಯಾಜಿಸ್ಟ್ರೇಟ್ ಮೇಡಂ ಕೇಳಿದರು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ್ನ ಯಾರೂ ನೋಡಿಲ್ರಿ. ಒಂದೇ ಮನಿಯವ ಅಂತ ಬರಸಿದ್ದೆ" ಅಂದ. ನಾವು ಯಾರೂ ಹಾಗೆ ಹೇಳು ಅಂತ ಹೇಳಿಕೊಟ್ಟಿರಲಿಲ್ಲ. ಕುರಿಗಾರ ಸೋಲಾಪುರದ ಕಡೆ ಹೋಗಿದ್ದ, ಅವನ ಹೇಳಿಕೆ ಮುಂದಿನ ತಾರೀಖುಗಳಿಗೆ ಹೋಗಿ ಕೊನೆಗೂ ಆಯಿತು.

ಆದೇಶ ಬಂತು. ಅಣ್ಣನಿಗೆ ಸಮನ್ಸ್. ತಮ್ಮನ ಮಟ್ಟಿಗೆ ಬಿ ರಿಪೋರ್ಟ್ ಅಂಗೀಕಾರ. ಅಣ್ಣನ ಕಡೆಯವರು ಅದನ್ನು ಪ್ರಶ್ನೆ ಮಾಡಿ ಕಲಬುರಗಿ ಪೀಠಕ್ಕೆ ಹೋಗಿದ್ದಾರೆ. ಹೋಗಲಿ, ಅದು ಅವರ ಹಕ್ಕು. ಆದೇಶದ ನಕಲಿಗೆ ನಾವು ಅರ್ಜಿ ಹಾಕಿದ ದಿನವೇ ತಮ್ಮನೂ ಅದೇ ಕಿಟಕಿಯಲ್ಲಿ ಅರ್ಜಿ ಹಾಕಿದ, ಕೆಲಸದ ಪರಿಶೀಲನೆಗೆ ಕೊಡಲು. ಕಾಕಾನ ಅರ್ಜಿಗೆ ಹಚ್ಚಲು ಸ್ಟಾಂಪ್ ಕಡಿಮೆ ಬಿದ್ದಿತ್ತು. ಆ ಹುಡುಗ ತನ್ನ ಹತ್ತಿರ ಇದ್ದದ್ದು ಕೊಟ್ಟು, "ತಗೋ ಕಾಕಾ" ಅಂದ. ಕಾಕಾ ತೆಗೆದುಕೊಂಡ.